ವರ್ದಾಲಾಸ್ ಗೂನು

ನಮ್ಮ ದ್ವೀಪದ ಪ್ಲಾಕೆರಾ ಊರಿನಲ್ಲಿ ಭೂಮಿ ನಡುಗಿದಾಗ ಜನ ಮೊದಲು ತೂಗುದೀಪ ನೋಡುತ್ತಾರೆ. ದೀಪ ಸ್ವಲ್ಪ ತೂಗಿ ನಿಂತರೆ ಕಾಫಿ ಮುಂದುವರಿಯುತ್ತದೆ. ಮೊನ್ನೆಮೊನ್ನೆಯವರೆಗೆ, ಆಮೇಲೆ ಮಕಿಸನ ಕಾಫಿಯಂಗಡಿಯ ಯಾವುದಾದರೂ ಮೂಲೆಯಿಂದ ಒಬ್ಬ ಕೂಗುತ್ತಿದ್ದ: “ಆ ಹುಡುಗಿಗೆ ಬೇಗ ಒಂದು ಮದುವೆ ಮಾಡ್ರೋ!” ಎಲ್ಲರೂ ನಗುತ್ತಿದ್ದರು.

ಆ ಹುಡುಗಿ ನನ್ನ ನಾದಿನಿ ರುಬೀನಾ ಪೆಫಾನಿ. ಈಗ ಅವಳಿಗೆ ಅರವತ್ತು ದಾಟಿದೆ. ಕೂಗುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಆ ಮಾತು ಮೊದಲು ಹುಟ್ಟಿದಾಗ ತಾವೇ ಹುಟ್ಟಿರಲಿಲ್ಲ. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಹಿಂದಿನ ದಿನ ಕೂಗಿದವನೇ ಮರುದಿನ ಬೆಳಿಗ್ಗೆ ಅವಳ ಬಾಗಿಲಲ್ಲಿ ಒಂದು ಬುಟ್ಟಿ ಟೊಮೆಟೊ ಇಟ್ಟು ಹೋಗುತ್ತಿದ್ದ. ರುಬೀನಾ ಟೊಮೆಟೊ ತೆಗೆದುಕೊಳ್ಳುತ್ತಿದ್ದಳು, ಬುಟ್ಟಿ ತೊಳೆದು ಹಿಂತಿರುಗಿಸುತ್ತಿದ್ದಳು. ಮಾತನ್ನು ಮಾತ್ರ ಮರೆಯುತ್ತಿರಲಿಲ್ಲ. ಮೊದಲು ಅದನ್ನು ಆಡಿದವನನ್ನಂತೂ ಮರೆತದ್ದೇ ಇಲ್ಲ.

ಆಡಿದವರು ಪ್ರೊಫೆಸರ್ ಕ್ಲೆಯಾಂಥಿಸ್ ವರ್ದಾಲಾಸ್. ರುಬೀನಾ ಅಥೆನ್ಸಿನಲ್ಲಿ ಭೂಕಂಪಶಾಸ್ತ್ರ ಓದಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ಭೂಮಿ ಒಡೆಯುವ ಮೊದಲು ಒಳಗಿನ ಒತ್ತಡಕ್ಕೆ ಬಾವಿಯ ನೀರು ಏರಿಳಿಯುತ್ತದೆ, ಅದನ್ನು ಸರಿಯಾಗಿ ಅಳೆದರೆ ಭೂಕಂಪವನ್ನು ಮುಂಚೆಯೇ ಹೇಳಬಹುದು ಎಂಬುದು ಅವಳ ನಂಬಿಕೆ. ಅಪ್ಪನ ಅಂಗಳದ ಬಾವಿಯಲ್ಲಿ ಒಂದು ಉಪಕರಣ ಇಳಿಬಿಟ್ಟಳು. ಮೇಲೆ ತಿರುಗುವ ಉರುಳೆ, ಅದರ ಮೇಲೆ ಕಾಗದ, ಕಾಗದದ ಮೇಲೆ ಗೆರೆ ಎಳೆಯುವ ಮುಳ್ಳು. ಪ್ರತಿ ಶನಿವಾರ ಹಡಗು ಹತ್ತಿ ಬಂದು ಕಾಗದ ಬದಲಿಸುತ್ತಿದ್ದಳು. ಒಂದು ಆಗಸ್ಟಿನಲ್ಲಿ ಗೆರೆ ಇದ್ದಕ್ಕಿದ್ದಂತೆ ಮೇಲೆದ್ದು, ಗೂನುಬೆನ್ನಿನ ಹಾಗೆ ಬಾಗಿ, ಮತ್ತೆ ಕೆಳಗೆ ಕುಸಿಯಿತು. ಸೆಪ್ಟೆಂಬರಿನಲ್ಲಿ ಭೂಮಿ ನಡುಗಿ ಊರಿನ ಎರಡು ಹೊಗೆಗೂಡು ಬಿದ್ದವು. ಮುಂದಿನ ಆಗಸ್ಟಿನಲ್ಲಿ ಮತ್ತೆ ಅದೇ ಗೂನು, ಇನ್ನೂ ದೊಡ್ಡದು. ಅವಳು ಕಾಗದ ಹಿಡಿದುಕೊಂಡು ಪ್ರೊಫೆಸರರ ಬಳಿಗೆ ಓಡಿದಳು, ಜನರಿಗೆ ತಿಳಿಸಬೇಕು ಎಂದಳು. ಸುದ್ದಿ ಹೇಗೋ ಪತ್ರಿಕೆಯವರ ಕಿವಿಗೆ ಬಿತ್ತು. ಸಂಜೆ ಟೀವಿಯವರು ಪ್ರೊಫೆಸರರನ್ನು ಕೂರಿಸಿ ಕೇಳಿದರು. ಅವರು ಕಾಲ ಮೇಲೆ ಕಾಲು ಹಾಕಿಕೊಂಡು ನಕ್ಕರು.

“ಆ ದ್ವೀಪದ ಹುಡುಗಿಗೆ ಒಂದು ಮದುವೆ ಮಾಡಿಬಿಡಿ. ಭೂಮಿ ತಾನೇ ಸುಮ್ಮನಾಗತ್ತೆ.”

ನನ್ನ ಮಾವ ವಾಂಗೆಲಿಸ್ ಆ ಸಂಜೆ ಕಾಫಿಯಂಗಡಿಯಲ್ಲಿದ್ದರು. ಇಡೀ ಅಂಗಡಿ ನಕ್ಕಿತಂತೆ. ಅವರು ಎದ್ದು, ಅಲ್ಲಿದ್ದ ಎಲ್ಲರ ಕಾಫಿಗೂ ತಾವೇ ದುಡ್ಡು ಕೊಟ್ಟು, ಎಲ್ಲರಿಗೂ ಒಳ್ಳೆಯ ಸಂಜೆಯಾಗಲಿ ಎಂದು ಹೇಳಿ ಮನೆಗೆ ಬಂದರು. ಅವಮಾನವಾಗಿ ಎದ್ದು ಹೋದ ಅಂತ ಯಾರೂ ಅನ್ನಬಾರದಿತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಗಾಜಿನ ಲೋಟ ಕೂಡ ಅಲುಗಲಿಲ್ಲ. ರುಬೀನಾಳ ಕೆಲಸ ಹೋಯಿತು. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದಳು, ಪಕ್ಕದ ಲಿಕ್ಸೂರಿ ಪಟ್ಟಣದ ಶಾಲೆಯಲ್ಲಿ ಭೌತಶಾಸ್ತ್ರದ ಟೀಚರಾದಳು.

ಬಂದ ಮೊದಲ ಬೇಸಿಗೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ನಾವಿಬ್ಬರೂ ಬಾವಿಯ ಪಕ್ಕ ಬೀನ್ಸ್ ಬಿಡಿಸುತ್ತಿದ್ದೆವು. ಮಾವ ಬಲೆಚೀಲದಲ್ಲಿ ಎರಡು ಕಲ್ಲಂಗಡಿ ಹೊತ್ತು ತಂದು, ಹಗ್ಗ ಕಟ್ಟಿ, ಬಾವಿಗೆ ಇಳಿಸಿದರು.

“ಫ್ರಿಜ್ಜಿನ ಹಣ್ಣು ಹಲ್ಲು ಕೊರೆಯುತ್ತೆ ಅಂತ ಚಿಕ್ಕೋಳಿದ್ದಾಗ ಅಳ್ತಿದ್ದೆಯಲ್ಲ ಮಗಳೇ,” ಎಂದರು. “ಆಗಸ್ಟಲ್ಲಿ ಒಳ್ಳೇ ಹಣ್ಣು ಸಿಕ್ಕಿದಾಗ, ನೀನು ಶನಿವಾರ ಬರ್ತೀಯ ಅಂತ ಶುಕ್ರವಾರವೇ ಇಳಿಸಿರ್ತಿದ್ದೆ. ನೀನು ಹಡಗಿಂದ ಇಳಿಯೋ ಹೊತ್ತಿಗೆ ಮೇಲೆತ್ತಿ ಹೆಚ್ಚಿಟ್ಟಿರ್ತಿದ್ದೆ. ಈಗ ಇಲ್ಲೇ ಇದ್ದೀಯ, ಕದ್ದು ಮಾಡೋ ಕೆಲಸ ತಪ್ಪಿತು ನೋಡು.”

ಉರುಳೆ ಇನ್ನೂ ತಿರುಗುತ್ತಿತ್ತು. ರುಬೀನಾ ಮುಳ್ಳನ್ನೇ ನೋಡುತ್ತಿದ್ದಳು. ಬಾವಿಯ ನೀರು ಏರಿದ್ದು ಒಂದು ಬೆರಳಿನಷ್ಟೂ ಇರಲಿಕ್ಕಿಲ್ಲ. ಆದರೆ ಅಷ್ಟನ್ನೂ ದೊಡ್ಡದು ಮಾಡಿ ತೋರಿಸಲಿಕ್ಕೆಂದೇ ಅವಳು ಆ ಮುಳ್ಳನ್ನು ಮಾಡಿದ್ದಳು. ಅದು ಮೇಲೆದ್ದಿತು. ಸಂಜೆ ಹಣ್ಣು ಎತ್ತಿದಾಗ ಕುಸಿಯಿತು. ಅದೇ ಗೂನು.

ರುಬೀನಾ ಮೂರು ಹೋಳು ತಿಂದಳು. “ತುಂಬಾ ತಂಪಾಗಿದೆ ಅಪ್ಪ,” ಎಂದಳು. ಪಾತ್ರೆ ತೊಳೆಯುವಾಗ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. “ಅತ್ತಿಗೆ, ಇದು ಅಪ್ಪನಿಗೆ ಯಾವತ್ತೂ ಗೊತ್ತಾಗಬಾರದು.”

ಮುಂದೆ ಎರಡು ವರ್ಷಕ್ಕೆ ಪ್ರೊಫೆಸರ್ ವರ್ದಾಲಾಸ್ ದೊಡ್ಡದೊಂದು ಪ್ರಬಂಧ ಪ್ರಕಟಿಸಿದರು. ಭೂಕಂಪಕ್ಕೆ ಮುಂಚೆ ಬಾವಿಯ ನೀರು ಒಂದು ವಿಶೇಷ ರೀತಿಯಲ್ಲಿ ಉಬ್ಬಿ ಇಳಿಯುತ್ತದೆ, ಅದನ್ನು ತಾವು ಕಂಡುಹಿಡಿದಿದ್ದೇವೆ ಎಂದು ಬರೆದಿದ್ದರು. ರುಬೀನಾಳ ಹೆಸರು ಎಲ್ಲಿಯೂ ಇರಲಿಲ್ಲ. ಪತ್ರಿಕೆಗಳು ಅದಕ್ಕೆ ವರ್ದಾಲಾಸ್ ಗೂನು ಎಂದು ಹೆಸರಿಟ್ಟವು. ಅದನ್ನು ಓದಿದ ದಿನ ರುಬೀನಾ ಊರಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅವನು ಅಪ್ಪನ ಕಲ್ಲಂಗಡಿ ಕದ್ದಿದಾನೆ ಅತ್ತಿಗೆ!”

“ಹಾಗಾದ್ರೆ ಹೇಳಿಬಿಡು, ಮಾನ ಹೋಗ್ಲಿ ಅವನದು,” ಎಂದೆ.

“ಹೇಳಿದ್ರೆ ಅಪ್ಪನಿಗೆ ಗೊತ್ತಾಗತ್ತೆ. ತನ್ನ ಮಗಳ ಕೆಲಸ ಹೋಗಿದ್ದು ತನ್ನ ಹಣ್ಣಿಂದ ಅಂತ ಗೊತ್ತಾದ್ರೆ ಅವರು ಬದುಕ್ತಾರಾ?” ಆಮೇಲೆ ಬೇರೆಯೇ ಸ್ವರದಲ್ಲಿ, “ಅದೂ ಅಲ್ಲದೆ, ಈಗ ಅವನು ನಿಂತಿರೋದು ಮೊದಲನೇ ಮೆಟ್ಟಿಲಲ್ಲಿ. ಇಲ್ಲಿಂದ ಬಿದ್ರೆ ಪೆಟ್ಟಾಗಲ್ಲ. ಹತ್ತಲಿ,” ಎಂದಳು.

ಅವರು ಹತ್ತಿದರು. ನಮ್ಮ ದ್ವೀಪದ ಪಲಿಕಿ ಭಾಗದ ಊರೂರಿನ ಹಳೆಯ ಬಾವಿಗಳಲ್ಲಿ ಅವರ ಉಪಕರಣಗಳು ಕೂತವು. ನಮ್ಮ ಚರ್ಚಿನ ಅಂಗಳದ ಬಾವಿಗೂ ಕಬ್ಬಿಣದ ಮುಚ್ಚಳ, ಬೀಗ, ‘ಮುಟ್ಟಬಾರದು’ ಎಂಬ ಫಲಕ ಬಂದವು. ಕೀಲಿಯ ಜವಾಬ್ದಾರಿ ಕಾಫಿಯಂಗಡಿಯ ಮಕಿಸನಿಗೆ. ಆಗಸ್ಟಿನಲ್ಲಿ ಫ್ರಿಜ್ಜು ತುಂಬಿದಾಗ ಯಾವ ಊರಲ್ಲಿ ತಾನೇ ಬಾವಿಗೆ ಕಲ್ಲಂಗಡಿ ಇಳಿಸುವುದಿಲ್ಲ? ಬೀಗ ಇದ್ದರೇನು, ಕೀಲಿ ಮೊಳೆಗೆ ನೇತಾಡುತ್ತಿತ್ತು. ಹೀಗೆ ಪ್ರತಿ ಆಗಸ್ಟಿನಲ್ಲಿ ಅಥೆನ್ಸಿಗೆ ಗೂನುಗಳು ತಲುಪುತ್ತಿದ್ದವು. ಸೆಪ್ಟೆಂಬರಿನಲ್ಲಿ ನಮ್ಮ ದ್ವೀಪದ ಯಾವುದೋ ಒಂದು ಮೂಲೆ ಹೆಚ್ಚುಕಡಿಮೆ ಪ್ರತಿ ವರ್ಷ ನಡುಗುತ್ತದೆ. ಪ್ರೊಫೆಸರ್ ಟೀವಿಯಲ್ಲಿ ಕೂತು, “ನಾನು ಹೇಳಿರಲಿಲ್ಲವೇ?” ಎನ್ನುತ್ತಿದ್ದರು. ಪದಕ ಬಂತು, ಬಿರುದು ಬಂತು.

ರುಬೀನಾ ಅಪ್ಪನ ಬಾವಿಗೂ ಒಂದು ಮುಚ್ಚಳ ಮಾಡಿಸಿದಳು. ಅದಕ್ಕೆ ಬೀಗ ಹಾಕಿ ಕೀಲಿಯನ್ನು ತನ್ನ ಕುತ್ತಿಗೆಗೆ ಕಟ್ಟಿಕೊಂಡಳು. ಈಚೆಗೆ ಫ್ರಿಜ್ಜಿನ ಹಣ್ಣೇ ಸೇರುತ್ತದೆ ಎಂದು ಅಪ್ಪನಿಗೆ ಸುಳ್ಳು ಹೇಳಿದಳು. ಮಾವನ ಮುಖ ಸಣ್ಣಗಾಯಿತು, ಆದರೂ ತಲೆಯಾಡಿಸಿದರು. ಅಲ್ಲಿಂದಾಚೆಗೆ ಮೂವತ್ತು ವರ್ಷ ಆ ಬಾವಿಗೆ ಹುಲ್ಲುಕಡ್ಡಿ ಕೂಡ ಬೀಳದ ಹಾಗೆ ಕಾಯ್ದು ಅವಳು ನೀರನ್ನು ಅಳೆದಳು. ಮಾವ ತೀರಿಕೊಂಡರು, ನನ್ನ ಗಂಡನೂ ಹೋದರು. ಅಳತೆ ನಿಲ್ಲಲಿಲ್ಲ. ಕಳೆದ ಚಳಿಗಾಲದಲ್ಲಿ ಪಾತ್ರಾ ನಗರದ ವಿಶ್ವವಿದ್ಯಾಲಯದ ಕೆಲವು ಯುವ ಸಂಶೋಧಕರು ಬಂದು ಎಲ್ಲವನ್ನೂ ನೋಡಿ ಬೆರಗಾದರು. ಇಷ್ಟು ಶುದ್ಧವಾದ ಅಳತೆ ಈ ದೇಶದಲ್ಲಿ ಬೇರೆಲ್ಲೂ ಇಲ್ಲ, ನೀರು ನಿಜವಾಗಿಯೂ ಏನೋ ಹೇಳುತ್ತಿರುವಂತಿದೆ, ಶರತ್ಕಾಲದಲ್ಲಿ ಈ ಬಾವಿಯನ್ನು ನಮ್ಮ ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ, ನಿಮ್ಮ ಹೆಸರಿನಲ್ಲೇ, ಎಂದರು.

ಅದೇ ಶರತ್ಕಾಲದಲ್ಲಿ ಸರ್ಕಾರ ಅಥೆನ್ಸಿನ ಹೊರವಲಯದ ಹೊಸ ವೀಕ್ಷಣಾಲಯಕ್ಕೆ ವರ್ದಾಲಾಸರ ಹೆಸರಿಡುವುದಿತ್ತು.

ಜುಲೈ ಕೊನೆಗೆ ಮಕಿಸನ ಮಗಳು ಎಲ್ಪಿದಾಳ ಮದುವೆ ನಿಶ್ಚಯವಾಗಿತ್ತು, ಭಾನುವಾರ, ನಮ್ಮ ಚರ್ಚಿನಲ್ಲೇ. ಆ ವಾರದ ನಡುವೆ ಮಕಿಸನ ಹೆಂಡತಿ ಅಂಜೆಲಿಕಿ ಏದುಸಿರು ಬಿಡುತ್ತ ನಮ್ಮ ಅಂಗಳಕ್ಕೆ ಬಂದಳು.

“ಸತ್ತೆ ಟೀಚರಮ್ಮ! ನನ್ನ ಗಂಡ ಅನ್ನೋ ಮಹಾನುಭಾವ ಒಂದು ಟ್ರಕ್ ಕಲ್ಲಂಗಡಿ ತಂದಿದಾನೆ. ಫ್ರಿಜ್ಜಲ್ಲಿ ವೈನು, ಮಾಂಸ. ಐಸೆಲ್ಲ ಹೋಟೆಲಿನವರು ಬಾಚಿಕೊಂಡು ಹೋದ್ರು. ಬೀಗರಿಗೆ ಬಿಸಿ ಕಲ್ಲಂಗಡಿ ಕೊಟ್ರೆ ಪಾತ್ರಾ ಪೂರ್ತಿ ಡಂಗುರ ಹೊಡೀತಾರೆ.”

ರುಬೀನಾ ಕಾಫಿ ಕಲಕುತ್ತಿದ್ದಳು. “ಚರ್ಚಿನ ಬಾವಿ ಇದೆಯಲ್ಲ.”

“ನಾಕೈದು ಹಣ್ಣಾದ್ರೆ ನಾವೇ ಪ್ರತಿ ವರ್ಷ ಹಾಕ್ತೀವಿ, ನಿಮ್ಮ ಹತ್ರ ಏನು ಮುಚ್ಚುಮರೆ. ಆದ್ರೆ ಟ್ರಕ್ಕು!”

“ಒಬ್ಬಳೇ ಮಗಳು. ಎಲ್ಲಾ ಹಾಕಿಬಿಡಿ.”

ಅಂಜೆಲಿಕಿ ಅವಳ ಕೆನ್ನೆಗೆ ಮುತ್ತಿಟ್ಟು ಓಡಿದಳು. ನಾನು ರುಬೀನಾಳ ಮುಖ ನೋಡಿದೆ. ಅವಳು ಕಾಫಿಯನ್ನು ಇನ್ನೂ ಕಲಕುತ್ತಲೇ ಇದ್ದಳು, ಸಕ್ಕರೆ ಎಂದೋ ಕರಗಿತ್ತು.

“ಏನಿದು ರುಬೀನಾ?”

“ಅವನಿಗೆ ವಯಸ್ಸಾಯ್ತು ಅತ್ತಿಗೆ. ಹೆಸರನ್ನ ಕಲ್ಲಲ್ಲಿ ಕೆತ್ತಿಸಿಕೊಂಡು, ಹಾರ ಹಾಕಿಸಿಕೊಂಡು, ಸುಖವಾಗಿ ಸತ್ತುಬಿಟ್ರೆ? ಆಗ ನಾನು ಯಾರನ್ನ ಕೆಳಗೆ ಬೀಳಿಸಲಿ?”

“ನಿನ್ನ ಬಾವಿ? ನಾಳೆ ಬಾವಿ ಅಂದ ಕೂಡಲೇ ದೇಶ ನಗೋ ಹಾಗಾದ್ರೆ, ಪಾತ್ರಾದ ಮಕ್ಕಳು ಅದರ ಹತ್ರ ಸುಳೀತಾರಾ?”

“ಗೊತ್ತು,” ಎಂದು ಅವಳು ಲೋಟ ತೊಳೆಯಲು ಎದ್ದಳು.

ಶುಕ್ರವಾರ ಸಂಜೆ ಎಲ್ಲ ಟೀವಿಗಳಲ್ಲೂ ಪ್ರೊಫೆಸರ್ ವರ್ದಾಲಾಸ್ ಕಾಣಿಸಿಕೊಂಡರು. ತೆಳ್ಳಗಾಗಿದ್ದರು, ಸ್ವರ ಮಾತ್ರ ಅದೇ. ತಮ್ಮ ಜೀವಮಾನದಲ್ಲೇ ಇಷ್ಟು ದೊಡ್ಡ ಗೂನು ಕಂಡಿಲ್ಲ, ಪ್ಲಾಕೆರಾದ ಬಾವಿ ಯಾವತ್ತೂ ಸುಳ್ಳು ಹೇಳಿಲ್ಲ, ಕೆಲವೇ ದಿನಗಳಲ್ಲಿ ಐವತ್ಮೂರರಂಥದ್ದು ಆಗಬಹುದು ಎಂದರು.

ಐವತ್ಮೂರು ಎಂದರೆ ನಮ್ಮ ದ್ವೀಪದಲ್ಲಿ ಮತ್ತೇನೂ ಹೇಳಬೇಕಿಲ್ಲ. ಸಾವಿರದ ಒಂಬೈನೂರ ಐವತ್ಮೂರರ ಭೂಕಂಪಕ್ಕೆ ಇಡೀ ದ್ವೀಪ ನೆಲಸಮವಾಗಿತ್ತು. ಕತ್ತಲಾಗುವ ಮೊದಲೇ ಜನ ಹಾಸಿಗೆ ಹೊತ್ತು ಆಲಿವ್ ತೋಪುಗಳಿಗೆ ಹೊರಟರು. ಐವತ್ಮೂರರಲ್ಲಿ ಕಲ್ಲುಗಳಡಿಯಿಂದ ಬದುಕಿ ಬಂದ ಸ್ತಮಾತಾ ಅಜ್ಜಿ ಮರಕ್ಕೆ ಒರಗಿ ಕೂತು ನಡುಗುತ್ತಿದ್ದಳು. ನಾನು ಸೂಪು ಒಯ್ದುಕೊಟ್ಟರೆ, ತನ್ನ ಚೀಲದಿಂದ ಒಣರೊಟ್ಟಿ ತೆಗೆದು ಅರ್ಧ ಮುರಿದು ನನಗೆ ಕೊಟ್ಟಳು. “ನೀನೂ ತಿನ್ನು ಮಗಳೇ, ಓಡೋಕೆ ಶಕ್ತಿ ಬೇಕು,” ಎಂದಳು. ಬೀಗರು ಫೋನ್ ಮಾಡಿ ಕಲ್ಲಿನ ಚರ್ಚಿನೊಳಗೆ ಕಾಲಿಡುವುದಿಲ್ಲ, ಮದುವೆ ಮುಂದೆ ಹಾಕಿ ಎಂದಿದ್ದರು. ಎಲ್ಪಿದಾ ಅಳುತ್ತಿದ್ದಳು.

ನನಗೆ ಸಿಟ್ಟು ಬಂತು. ಮನೆಗೆ ಬಂದವಳೇ, “ಈಗಲೇ ಹೋಗಿ ಹೇಳು ಅವರಿಗೆಲ್ಲ,” ಎಂದೆ.

“ಈಗ ಹೇಳಿದ್ರೆ ಅವನು ಅಥೆನ್ಸಲ್ಲೇ ಕೂತು ಏನೋ ಒಂದು ತೇಪೆ ಹಾಕ್ತಾನೆ. ನಾಳೆ ಅವನೇ ಬರ್ತಾನೆ, ಕ್ಯಾಮೆರಾ ಕರಕೊಂಡು. ಒಂದು ರಾತ್ರಿ ಅತ್ತಿಗೆ. ನಾನು ಎಷ್ಟು ರಾತ್ರಿ ಕಳೆದಿಲ್ಲ?”

“ಸ್ತಮಾತಾ ಅಜ್ಜಿ ನಿನಗೇನು ಮಾಡಿದ್ದಳು?”

ಅವಳು ಒಳಗೆ ಹೋಗಿ ತನ್ನ ಉಣ್ಣೆಯ ಹೊದಿಕೆ ತಂದು ನನ್ನ ಕೈಗಿಟ್ಟಳು. ಅದನ್ನು ನಾನು ಅಜ್ಜಿಗೆ ಒಯ್ದುಕೊಟ್ಟೆ.

ಮರುದಿನ ಬೆಳಿಗ್ಗೆ ಪ್ರೊಫೆಸರ್ ಬಂದರು. ಮೂರು ಕಾರು, ಟೀವಿಯವರು, ಲ್ಯಾಪ್‌ಟಾಪ್ ಹಿಡಿದ ಸಹಾಯಕಿ. ಊರೆಲ್ಲ ಚರ್ಚಿನ ಅಂಗಳದಲ್ಲಿ ಸೇರಿತು. ಮಕಿಸ ಮುಚ್ಚಳದ ಪಕ್ಕ ಬೆವರುತ್ತ ನಿಂತಿದ್ದ. ತಾನು ಮುಟ್ಟಬಾರದ ಬಾವಿ ಮುಟ್ಟಿದ್ದಕ್ಕೆ ಬೈಗುಳ ಬೀಳುತ್ತದೆಂಬ ಹೆದರಿಕೆ ಅವನಿಗೆ. ಆ ಹಣ್ಣುಗಳಿಗೂ ಟೀವಿಯ ಸುದ್ದಿಗೂ ಸಂಬಂಧ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಪ್ರೊಫೆಸರ್ ಕಾರಿನಿಂದ ಇಳಿದವರು ಮೊದಲು ಮಾಡಿದ್ದನ್ನು ನಾನು ಬರೆಯದಿದ್ದರೆ ತಪ್ಪಾಗುತ್ತದೆ. ಸ್ತಮಾತಾ ಅಜ್ಜಿ ಬಿಸಿಲಲ್ಲಿ ನಿಂತಿದ್ದಳು. ಅವರು ತಮಗೆಂದು ತಂದ ಕುರ್ಚಿಯನ್ನು ಅವಳಿಗೆ ಹಾಕಿಸಿದರು, ತಮ್ಮ ಹುಲ್ಲಿನ ಟೋಪಿ ತೆಗೆದು ಅವಳ ತಲೆಗಿಟ್ಟರು. “ಹೆದರಬೇಡಮ್ಮ, ನಿನ್ನನ್ನ ಕಾಪಾಡೋಕೇ ಬಂದಿದೀನಿ,” ಎಂದರು. ಆ ಮಾತಿನಲ್ಲಿ ನಾಟಕ ಇರಲಿಲ್ಲ. ಆ ಕ್ಷಣ ನಾನು ರುಬೀನಾಳ ತೋಳು ಹಿಡಿದೆ, ಬೇಡ ಎನ್ನುವ ಹಾಗೆ. ಅವಳ ಹೆಜ್ಜೆ ಕೂಡ ನಿಧಾನವಾಯಿತು.

ಅಷ್ಟರಲ್ಲಿ ಅವರು ಅವಳನ್ನು ನೋಡಿದರು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

“ನೀನು ಪೆಫಾನಿ ಅಲ್ವಾ? ನಮ್ಮ ಬಾವಿ ಹುಡುಗಿ!” ಎಂದು ಕ್ಯಾಮೆರಾದ ಕಡೆ ತಿರುಗಿ ನಕ್ಕರು. “ಏನಮ್ಮ, ಕೊನೆಗೂ ಮದುವೆ ಆಯ್ತಾ?”

ಹಿಂದಿನಿಂದ ಒಂದಿಬ್ಬರು ಕಿಸಕ್ಕೆಂದರು. ರುಬೀನಾ ನನ್ನ ಕೈ ಬಿಡಿಸಿಕೊಂಡಳು.

“ಮದುವೆ ನಾಳೆ ಇದೆ ಪ್ರೊಫೆಸರ್ರೇ. ನಂದಲ್ಲ, ಮಕಿಸನ ಮಗಳದು. ಭೂಮಿ ಸುಮ್ಮನಾಗತ್ತೋ ಇಲ್ವೋ ನೋಡೋಣ ಬನ್ನಿ.” ಸಹಾಯಕಿಯ ಕಡೆ ತಿರುಗಿ, “ಬಾವಿಯ ಗೆರೆ ಈಗ ಕಾಣ್ತಾ ಇದೆಯೇನಮ್ಮ?” ಎಂದಳು.

“ಕಾಣ್ತಿದೆ ಮೇಡಂ. ತುಂಬಾ ಮೇಲಿದೆ.”

“ಕ್ಯಾಮೆರಾದವರಿಗೂ ತೋರಿಸು. ಮಕಿಸ, ಮುಚ್ಚಳ ತೆಗಿ.”

“ಟೀಚರಮ್ಮ, ಅದು... ಒಳಗೆ ಸ್ವಲ್ಪ...”

“ಒಳಗೆ ಏನಿದೆ ಅಂತ ನನಗೆ ಗೊತ್ತು ಮಾರಾಯ. ತೆಗೆದು ಹಗ್ಗ ಎಳಿ.”

ಮೊದಲ ಬಲೆ ಮೇಲೆ ಬಂತು. ನೀರು ಸುರಿಸುತ್ತ ಐದಾರು ಕಲ್ಲಂಗಡಿ, ಹಸಿರಾಗಿ, ತಂಪಾಗಿ. ಜನಕ್ಕೆ ಏನೂ ಅರ್ಥವಾಗಲಿಲ್ಲ. ಸಹಾಯಕಿ ಮಾತ್ರ, “ಅಯ್ಯೋ, ಇಳೀತು!” ಎಂದಳು.

“ಇನ್ನೊಂದು ಎಳಿ.”

“ಮತ್ತೆ ಇಳೀತು!”

ಮೂರನೆಯ ಬಲೆಗೆ ಊರಿಗೆ ಅರ್ಥವಾಯಿತು. ನಮ್ಮ ಜನರಿಗೆ ನಗುವುದನ್ನು ಕಲಿಸಬೇಕಿಲ್ಲ. ಹಿಂದಿನ ರಾತ್ರಿಯ ಭಯವೆಲ್ಲ ಸೇರಿ ಆ ನಗು ಗೋಡೆಗಳಿಗೆ ಬಡಿಯಿತು. ಒಬ್ಬೊಬ್ಬರೂ ಹಗ್ಗಕ್ಕೆ ಕೈ ಹಾಕಿದರು. ಬಲೆ ಮೇಲೆ ಬಂದಂತೆಲ್ಲ “ಇಳೀತಾ?” ಎಂದು ಊರು ಕೂಗುವುದು, “ಇಳೀತು!” ಎಂದು ಆ ಬಡಪಾಯಿ ಹುಡುಗಿ ಹೇಳುವುದು. “ಪ್ರೊಫೆಸರ್ರೇ, ಸೌತೆಕಾಯಿ ಹಾಕಿದ್ರೆ ಸಣ್ಣ ಭೂಕಂಪ ಬರತ್ತಾ?” “ನಮ್ಮತ್ತೇನ ಇಳಿಸ್ತೀನಿ ತಡೀರಿ, ಇಟಲಿವರೆಗೂ ಅಲ್ಲಾಡತ್ತೆ!” “ಆಗಸ್ಟಲ್ಲಿ ಚರ್ಚಿಗೆ ಬಂದು ಶಕುನ ಹೇಳೋ ಮಾತೆ ಮರಿಯಳ ಹಾವುಗಳೇ ವಾಸಿ, ಅವಕ್ಕೆ ಸಂಬಳ ಇಲ್ಲ!” ಕ್ಯಾಮೆರಾ ಹಿಡಿದವನ ಭುಜ ಕುಲುಕುತ್ತಿತ್ತು.

ಪ್ರೊಫೆಸರ್ ನಗಲಿಲ್ಲ, ಕೂಗಾಡಲಿಲ್ಲ. ಲ್ಯಾಪ್‌ಟಾಪಿನ ಗೆರೆಯನ್ನೇ ನೋಡುತ್ತ ನಿಂತರು. ಬುದ್ಧಿವಂತರು, ಮೂವತ್ತು ವರ್ಷದ ಆಗಸ್ಟುಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋಗಿರಬೇಕು.

ರುಬೀನಾ ಒಂದು ಹಣ್ಣು ಸೀಳಿ, ಒಂದು ಹೋಳು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಳು. “ತಗೊಳ್ಳಿ. ನಿಮ್ಮ ಗೂನು.”

ನಮ್ಮಲ್ಲಿ ಮನೆಯವರು ಕೊಟ್ಟದ್ದನ್ನು ಅತಿಥಿ ಬೇಡ ಎನ್ನುವಂತಿಲ್ಲ. ಅವರು ತೆಗೆದುಕೊಂಡು, ಅಷ್ಟು ಜನರ ನಡುವೆ, ಕೊನೆಯ ತುತ್ತಿನವರೆಗೂ ತಿಂದರು. ಬೀಜಗಳನ್ನು ನೆಲಕ್ಕೆ ಉಗುಳದೆ ಅಂಗೈಯಲ್ಲಿ ಹಿಡಿದುಕೊಂಡರು. ನಾನು ಹತ್ತಿರದಲ್ಲೇ ಇದ್ದುದರಿಂದ ಆಮೇಲಿನ ಮಾತು ನನಗೆ ಕೇಳಿಸಿತು.

“ನಿನಗೆ ಯಾವಾಗಿಂದ ಗೊತ್ತಿತ್ತು?”

“ನೀವು ಕದಿಯೋಕ್ಕಿಂತ ಮುಂಚೆಯಿಂದ.”

“ಒಂದು ಮಾತು ಹೇಳಬಹುದಿತ್ತಲ್ಲ.”

“ಹೇಳಬಹುದಿತ್ತು,” ಎಂದಳು ರುಬೀನಾ. “ನೀವು ಒಂದು ಮಾತು ಆಡದೇನೂ ಇರಬಹುದಿತ್ತು.”

ಅವರು ಕಾರಿನ ಕಡೆ ಹೊರಟಾಗ ಜನ ದಾರಿ ಬಿಟ್ಟರು. ಟೋಪಿ ವಾಪಸ್ ಕೇಳಲಿಲ್ಲ. ಅದು ಈಗಲೂ ಸ್ತಮಾತಾ ಅಜ್ಜಿಯ ಬಳಿ ಇದೆ. ಭಾನುವಾರ ಚರ್ಚಿಗೆ ಹಾಕಿಕೊಂಡು ಬರುತ್ತಾಳೆ. ರುಬೀನಾ ಆ ಟೋಪಿಯ ಕಡೆ ನೋಡುವುದಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಬೀಗರು ಕಲ್ಲಂಗಡಿಯನ್ನು ಹೊಗಳಿದರು.

ಆ ದೃಶ್ಯವನ್ನು ದೇಶವೆಲ್ಲ ನೋಡಿತು. ವೀಕ್ಷಣಾಲಯಕ್ಕೆ ಬೇರೆ ಹೆಸರು ಹುಡುಕಿದರು. ಪ್ರೊಫೆಸರ್ ಆಮೇಲೆ ಎಲ್ಲೂ ಕಾಣಿಸಿಕೊಳ್ಳಲಿಲ್ಲ. ಸರ್ಕಾರ ಪಲಿಕಿಯ ಬಾವಿಗಳಿಂದ ಉಪಕರಣಗಳನ್ನೆಲ್ಲ ಕೀಳಿಸಿತು. ಆಗಸ್ಟು ಮುಗಿಯುವ ಮೊದಲೇ ಪಾತ್ರಾದಿಂದ ಫೋನ್ ಬಂತು. ಆ ಸಂಶೋಧಕರಲ್ಲೊಬ್ಬ ಹುಡುಗ ಮಾಡಿದ್ದ. ನಿಮ್ಮ ಅಳತೆಯ ಮೇಲೆ ನಮಗೆ ಅನುಮಾನ ಇಲ್ಲ ಮೇಡಂ, ಆದರೆ ಈಗ ಬಾವಿ ಎಂದರೆ ಸಭೆಯಲ್ಲಿ ಎಲ್ಲರೂ ನಗುತ್ತಾರೆ, ಎಂದ. ಪರವಾಗಿಲ್ಲಪ್ಪ, ನಿನ್ನ ತಪ್ಪಲ್ಲ, ಎಂದು ರುಬೀನಾ ಅವನಿಗೇ ಸಮಾಧಾನ ಹೇಳಿ ಫೋನ್ ಇಟ್ಟಳು. ಆಮೇಲೆ ಕುತ್ತಿಗೆಯಿಂದ ಕೀಲಿ ಬಿಚ್ಚಿ, ಅಪ್ಪನ ಬಾವಿಯ ಮುಚ್ಚಳ ತೆಗೆದು, ಉಪಕರಣ ಎತ್ತಿ ಒರೆಸಿ ಕಪಾಟಿನಲ್ಲಿಟ್ಟಳು.

“ಬೇಜಾರಾಯ್ತಾ?” ಎಂದೆ.

“ಆಯ್ತು. ಆದ್ರೆ ಇನ್ನೊಂದು ಸಲ ಅವಕಾಶ ಸಿಕ್ರೂ ಇದನ್ನೇ ಮಾಡ್ತೀನಿ.”

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳು ಆ ಋತುವಿನ ಕೊನೆಯ ಕಲ್ಲಂಗಡಿಯೊಂದನ್ನು ತಂದು, ಬಲೆಗೆ ಹಾಕಿ, ತಾನೇ ಆ ಬಾವಿಗೆ ಇಳಿಸಿದಳು. ಬಿಸಿಲು ಇಳಿಯುವವರೆಗೆ ನಾವು ಅಂಗಳದಲ್ಲೇ ಕೂತಿದ್ದೆವು. ಆಗ ಭೂಮಿ ನಡುಗಿತು. ತಟ್ಟೆಗಳು ಕಿಣಿಕಿಣಿ ಎಂದವು, ಹೆಂಚೊಂದು ಜಾರಿತು, ಬಾವಿಯೊಳಗೆ ಹಣ್ಣು ಗೋಡೆಗೆ ಬಡಿದ ಸದ್ದು ಕೇಳಿಸಿತು. ಆಮೇಲೆ ಎಲ್ಲ ನಿಂತಿತು.

ರುಬೀನಾ ಅಲುಗಲಿಲ್ಲ. ಅವಳ ಮುಖ ಗೋಡೆಯಾಚೆಯ ಕಾಫಿಯಂಗಡಿಯ ಕಡೆಗಿತ್ತು. ಉಸಿರು ಬಿಗಿಹಿಡಿದಿದ್ದಳು. ಭೂಮಿ ನಡುಗುವುದನ್ನೇ ಅವಳು ಕಾಯುತ್ತಿದ್ದಳೆಂದು, ಕಾಯುತ್ತಿದ್ದುದು ಅಳೆಯಲಿಕ್ಕಲ್ಲವೆಂದು ನನಗೆ ಆಗ ತಿಳಿಯಿತು.

ಗೋಡೆಯಾಚೆ ದೀಪ ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಯಾರೋ ಕೂಗಿದರು:

“ಯಾವನೋ ಅವನು, ಬಾವಿಗೆ ಕಲ್ಲಂಗಡಿ ಹಾಕಿದ್ದು?”

ಅಂಗಡಿ ಬಿದ್ದು ಬಿದ್ದು ನಕ್ಕಿತು.

“ಕೇಳಿಸ್ತಾ ಅತ್ತಿಗೆ?”

“ಕೇಳಿಸ್ತು.”

ಅವಳು ಉಸಿರು ಬಿಟ್ಟಳು. ನಡುಕಕ್ಕೆ ಮೊದಲು ಬಾವಿಯ ನೀರು ಏರಿತ್ತೋ ಇಳಿದಿತ್ತೋ, ಇನ್ನು ಯಾರೂ ಹೇಳುವಂತಿರಲಿಲ್ಲ. ಉಪಕರಣ ಕಪಾಟಿನಲ್ಲಿತ್ತು, ಬಾವಿಯಲ್ಲಿ ಹಣ್ಣಿತ್ತು. ಅವಳು ಎದ್ದು ಹಗ್ಗ ಎಳೆಯತೊಡಗಿದಳು. ನಾನು ಒಳಗಿನಿಂದ ಚಾಕು ತಂದೆ.